ಕಿಡಿಯ ಮುಹೂರ್ತ

ಮದುವೆಗೆ, ಗೃಹಪ್ರವೇಶಕ್ಕೆ ಮುಹೂರ್ತವಿಡುವವರು ನಮ್ಮಲ್ಲಿ ಊರೂರಿಗೂ ಉಂಟು. ಅವರ ಲೆಕ್ಕ ಅರ್ಧ ಗಳಿಗೆ ಆಚೀಚೆಯಾದರೂ ಊಟದ ಪಂಕ್ತಿಯೇನೂ ಏಳುವುದಿಲ್ಲ. ಆದರೆ ಬೆಂಕಿಯಿಂದ ಓಡುವ ಯಂತ್ರಕ್ಕೆ ಮುಹೂರ್ತವಿಡುವವನಿಗೆ ಅಂಥ ಸಡಿಲವಿಲ್ಲ. ಅವನ ಲೆಕ್ಕ ಸೆಕೆಂಡಿನ ಸಾವಿರದಲ್ಲೊಂದು ಪಾಲಿನೊಳಗೇ ಮುಗಿಯಬೇಕು.

ಕಳೆದ ಬೇಸಿಗೆಯಲ್ಲಿ ಮಧುಗಿರಿಯಲ್ಲಿ ಅಂಥದೊಂದು ಮುಹೂರ್ತವಿಡುವ ಕೆಲಸ ನನ್ನ ಪಾಲಿಗೆ ಬಂದಿತು. ಪಾವಗಡದ ಕಡೆಯ ಶಾಲೆಯೊಂದರಲ್ಲಿ ಮೇಷ್ಟ್ರಾಗಿರುವ ನನ್ನ ತಂಗಿಯ ಮಗನ ಬಳಿ ಹಳೆಯ ಜಾವಾ ಮೋಟಾರುಸೈಕಲೊಂದಿದೆ. ಜಾವಾ ಹುಟ್ಟಿದ್ದು 1929ರಲ್ಲಿ, ಪ್ರಾಗ್ ನಗರದಲ್ಲಿ. ಯಾನೆಚೆಕ್, ವಾಂಡರರ್ ಎಂಬೆರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ಆದ ಹೆಸರು ಅದು. 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಅದನ್ನು ನಮ್ಮದಾಗಿಸಿತು. ಎಪ್ಪತ್ತರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಎಂಬ ಹೆಸರು ತಳೆಯಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮರಳಿ ಬಂದಿತಾದರೂ ಆ ಹೊಸ ಯಂತ್ರವನ್ನು ತಣಿಸುವುದು ನೀರು. ಹಳೆಯದಕ್ಕೆ ಸಿಲಿಂಡರಿನ ಸುತ್ತಣ ಲೋಹದ ರೆಕ್ಕೆಗಳೂ, ಅವುಗಳ ನಡುವೆ ಹಾಯುವ ಗಾಳಿಯೂ ಅಷ್ಟೇ ದಿಕ್ಕು.

ಕಾರ್ಖಾನೆ ಮುಚ್ಚಿದ ಮೇಲೆ ಉಳಿದ ಗಾಡಿಗಳು ಒಂದರ ಅಂಗವನ್ನು ಇನ್ನೊಂದಕ್ಕೆ ಕೂಡಿಸಿಕೊಂಡು ಬದುಕಿವೆ. ನಮ್ಮ ಹುಡುಗನ ಗಾಡಿಯಂತೂ ನಾಲ್ಕು ತಾಲ್ಲೂಕುಗಳ ಜಂಟಿ ಆಸ್ತಿ. ಕೆಳಗಿನ ಪೆಟ್ಟಿಗೆ ಮಧುಗಿರಿಯದು. ಸಿಲಿಂಡರು ಶಿರಾದ ಗುಜರಿಯಲ್ಲಿ ಸಿಕ್ಕಿದ್ದು. ಕ್ರ್ಯಾಂಕು ಕೊರಟಗೆರೆಯ ರೈತರೊಬ್ಬರ ಹಟ್ಟಿಯಲ್ಲಿ ಸೆಗಣಿ ಬುಟ್ಟಿಗಳ ಹಿಂದೆ ಮಲಗಿದ್ದ ಯೆಜ್ಡಿಯದು. ಡೈನಮೋ, ಪಾಯಿಂಟು ಕೂರುವ ಪ್ಲೇಟು ಪಾವಗಡದವು. ಆ ಪ್ಲೇಟಿನ ಅಂಚಿನಲ್ಲಿ ಎಂದೋ ಯಾರೋ ಉಳಿಯಿಂದ ಹಾಕಿದ ಗೆರೆಯೊಂದಿತ್ತು. ಹಿಂದಿನ ವರ್ಷ ಗಾಡಿಯನ್ನು ಜೋಡಿಸಿದ ಮೆಕ್ಯಾನಿಕ್ಕು ಆ ಗೆರೆಯನ್ನೇ ನಂಬಿ ಟೈಮಿಂಗ್ ಇಟ್ಟುಕೊಟ್ಟಿದ್ದ. ಗಾಡಿ ಒಂದೇ ಒದೆತಕ್ಕೆ ಚುರುಕಾಗಿ ಎದ್ದಿತು. ಎಲ್ಲರೂ ಭೇಷ್ ಎಂದರು. ಮೂರನೆಯ ವಾರ, ಏಪ್ರಿಲ್ ಮಧ್ಯಾಹ್ನ, ಪಾವಗಡದ ದಾರಿಯ ಏರೊಂದರಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತು. ಹಿಂದಿನ ಚಕ್ರ ಓಡುತ್ತಿದ್ದಂತೆಯೇ ಬಿಗಿದು ನಿಂತಿತು. ಹುಡುಗ ಕ್ಲಚ್ಚು ಹಿಡಿದದ್ದರಿಂದ ಬಚಾವಾದ. ಹಿಂದೆ ಕುಳಿತಿದ್ದ ಏಳು ವರ್ಷದ ಮಗಳ ಮೊಣಕೈ ಮಾತ್ರ ಮೂರು ವಾರ ಬ್ಯಾಂಡೇಜಿನಲ್ಲಿತ್ತು.

“ಮಾವ, ಇನ್ನು ಇದನ್ನು ಮಾರಿಬಿಡುತ್ತೇನೆ,” ಎಂದ.

“ಮಾರುವುದಿದ್ದರೆ ಆಮೇಲೆ ಮಾರಪ್ಪ. ಮೊದಲು ಏಕೆ ಕಚ್ಚಿತೆಂದು ನೋಡೋಣ,” ಎಂದೆ.

ಪಿಸ್ಟನ್ ಕಚ್ಚುವುದಕ್ಕೆ ಕಾರಣ ಒಂದೇ ಅಲ್ಲ. ಪೆಟ್ರೋಲಿಗೆ ಬೆರೆಸುವ ಎಣ್ಣೆ ಕಡಿಮೆಯಾಗಿರಬಹುದು, ಕಾರ್ಬುರೇಟರು ಪೆಟ್ರೋಲಿಗಿಂತ ಗಾಳಿಯನ್ನೇ ಹೆಚ್ಚು ಕುಡಿಸಿರಬಹುದು, ಕ್ರ್ಯಾಂಕಿನ ಸೀಲು ಹರಿದಿರಬಹುದು. ಇವನ್ನೆಲ್ಲ ಒಂದೊಂದಾಗಿ ನೋಡಿ ಬದಿಗಿಟ್ಟ ಮೇಲೆ ಉಳಿದದ್ದು ಕಿಡಿ.

ಕಿಡಿ ಬಿದ್ದ ಕೂಡಲೆ ಸಿಲಿಂಡರಿನೊಳಗಿನ ಅನಿಲವೆಲ್ಲ ಒಮ್ಮೆಗೇ ಉರಿದುಬಿಡುತ್ತದೆಂದು ಅನೇಕರ ಭಾವನೆ. ಹಾಗಲ್ಲ. ಬಣವೆಯ ಮೂಲೆಗೆ ತಗುಲಿದ ಬೆಂಕಿಯಂತೆ ಅದು ಹಬ್ಬಬೇಕು. ಹಬ್ಬಲು ಹೊತ್ತು ಬೇಕು. ಪಿಸ್ಟನ್ ನೆತ್ತಿಯ ತುದಿ ಮುಟ್ಟಿ ಇಳಿಮುಖವಾದೊಡನೆ ಪೂರ್ಣ ಒತ್ತಡ ಸಿಕ್ಕಬೇಕಾದರೆ, ಅದು ಇನ್ನೂ ಏರುತ್ತಿರುವಾಗಲೇ ಕಿಡಿ ಹಾರಬೇಕು. ಜಾವಾದ ಇನ್ನೂರೈವತ್ತು ಸಿ.ಸಿ. ಯಂತ್ರಕ್ಕೆ ಇದು ನೆತ್ತಿಗಿಂತ ಸುಮಾರು 3 ಮಿ.ಮೀ. ಮುಂಚೆ, ಮಾದರಿಗೆ ತಕ್ಕಂತೆ ಅಲ್ಪಸ್ವಲ್ಪ ಹೆಚ್ಚುಕಡಿಮೆ. ಪಿಸ್ಟನ್ನಿನ ಓಟ 75 ಮಿ.ಮೀ. ಆದ್ದರಿಂದ ಈ ಮೂರು ಮಿಲಿಮೀಟರು ಕ್ರ್ಯಾಂಕಿನ ಇಪ್ಪತ್ತು ಡಿಗ್ರಿಗೆ ಹತ್ತಿರ. ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವಾಗ ಅಷ್ಟು ದೂರಕ್ಕೆ ಹಿಡಿಯುವ ಕಾಲವೇ ನಾನು ಮೊದಲು ಹೇಳಿದ ಸಾವಿರದಲ್ಲೊಂದು ಪಾಲು.

ಕಿಡಿ ತಡವಾದರೆ ಬೆಂಕಿ ಪಿಸ್ಟನ್ನನ್ನು ಅಟ್ಟಿಸಿಕೊಂಡು ಹೋಗುತ್ತದೆ. ಬಲ ಸೋರಿ ಹೊಗೆಕೊಳವೆ ಕಾಯುತ್ತದೆ. ಬೇಗನಾದರೆ ಏರುವ ಪಿಸ್ಟನ್ನಿಗೆ ಬೆಂಕಿ ಎದುರು ನಿಲ್ಲುತ್ತದೆ; ಶಾಖವೆಲ್ಲ ಪಿಸ್ಟನ್ನಿನ ತಲೆಗೆ ಇಳಿಯುತ್ತದೆ. ತೀರ ಬೇಗನಾದರೆ ಕಿಕ್ಕರು ಕಾಲಿಗೆ ಮರಳಿ ಒದೆಯುವುದುಂಟು. ಇಂಥ ಟೂ-ಸ್ಟ್ರೋಕ್ ಯಂತ್ರಗಳು ಒಮ್ಮೊಮ್ಮೆ ಹಿಮ್ಮುಖವಾಗಿಯೇ ತಿರುಗತೊಡಗುತ್ತವೆ. ಆಗ ಮೊದಲ ಗೇರು ಹಾಕಿದವನು ಹಿಂದಕ್ಕೆ ಹೊರಡುತ್ತಾನೆ. ನೋಡುವವರಿಗೆ ಬಿಟ್ಟಿ ನಾಟಕ.

ಹಳೆಯ ಕಾರುಗಳಿಗಾದರೆ ವೇಗಕ್ಕೆ ತಕ್ಕಂತೆ ಕಿಡಿಯನ್ನು ಹಿಂದುಮುಂದು ಮಾಡುವ ಡಿಸ್ಟ್ರಿಬ್ಯೂಟರಿತ್ತು. 2003ರವರೆಗೂ ತಯಾರಾದ, ಗಾಳಿಯಿಂದಲೇ ತಣಿಯುವ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಮೂರನೆಯ ಸಿಲಿಂಡರಿಗೆ ಬರುವ ಗಾಳಿಗೆ ಎಣ್ಣೆ ತಣಿಸುವ ಅಂಗ ಅಡ್ಡವಾಗಿ, ಅದೊಂದೇ ಹೆಚ್ಚು ಕಾಯುತ್ತಿತ್ತು. ಕೆಲವು ಮಾದರಿಗಳಲ್ಲಿ ಆ ಒಂದು ಸಿಲಿಂಡರಿಗೆ ಮಾತ್ರ ಕಿಡಿಯನ್ನು ಎರಡು ಮೂರು ಡಿಗ್ರಿ ತಡಮಾಡಿದ್ದರು. ನಮ್ಮ ಜಾವಾಕ್ಕೆ ಅಂಥ ಉಪಚಾರವಿಲ್ಲ. ಒಮ್ಮೆ ಇಟ್ಟ ಮುಹೂರ್ತವೇ ಇಳಿಜಾರಿಗೂ ಏರಿಗೂ, ಮಾಗಿಗೂ ಬೇಸಿಗೆಗೂ.

ಹೆಡ್ಡನ್ನು ಹೇಗೂ ಬಿಚ್ಚಿದ್ದೆವು. ಸಿಲಿಂಡರನ್ನು ಅಲುಗದಂತೆ ಬಿಗಿದು, ಪಿಸ್ಟನ್ನಿನ ನಡುನೆತ್ತಿಯ ಮೇಲೆ ಡಯಲ್ ಗೇಜನ್ನು ನೆಟ್ಟಗೆ ನಿಲ್ಲಿಸಿದೆವು. ನಮ್ಮ ಕಡೆ ಅನೇಕರು ಪ್ಲಗ್ಗಿನ ತೂತಿನಲ್ಲಿ ಸೈಕಲ್ ಕಡ್ಡಿ ಇಳಿಸಿ ಅಳೆಯುತ್ತಾರೆ. ತೂತು ಓರೆಯಾಗಿದ್ದರೆ ಕಡ್ಡಿಯ ಮೂರು ಮಿಲಿಮೀಟರು ಪಿಸ್ಟನ್ನಿನ ಮೂರು ಮಿಲಿಮೀಟರಾಗದು. ಮೊದಲು ಪಾಯಿಂಟಿನ ಅಂತರವನ್ನು ಫೀಲರ್ ಗೇಜಿನಿಂದ 0.4 ಮಿ.ಮೀ.ಗೆ ಇಟ್ಟೆವು. ಈ ಅನುಕ್ರಮ ತಪ್ಪಬಾರದು; ಅಂತರ ಹಿಗ್ಗಿದರೆ ಪಾಯಿಂಟು ಬೇಗ ತೆರೆಯುತ್ತದೆ, ಕುಗ್ಗಿದರೆ ತಡವಾಗಿ, ಹಾಗಾಗಿ ಆಮೇಲೆ ಅಂತರ ಮುಟ್ಟಿದವನು ಟೈಮಿಂಗನ್ನೂ ಕೆಡಿಸಿದಂತೆಯೇ. ಬಳಿಕ ಪಾಯಿಂಟಿಗೊಂದು ಆರು ವೋಲ್ಟಿನ ಪುಟ್ಟ ಬಲ್ಬು ಜೋಡಿಸಿ, ಇನ್ನೊಂದು ತಂತಿಯನ್ನು ಯಂತ್ರದ ಮೈಗೆ ತಗುಲಿಸಿ, ಕೀಲಿ ತಿರುಗಿಸಿದೆವು. ಪಾಯಿಂಟು ಮುಚ್ಚಿರುವಷ್ಟು ಹೊತ್ತು ಬಲ್ಬು ಕತ್ತಲೆ. ತೆರೆದ ಕ್ಷಣ ಬೆಳಕು. ಕಿಡಿ ಹಾರುವುದೂ ಆ ಕ್ಷಣದಲ್ಲೇ.

ಪ್ಲೇಟನ್ನು ಹಳೆಯ ಗೆರೆಗೆ ಕೂರಿಸಿ, ಯಂತ್ರವನ್ನು ಅದರ ದಿಕ್ಕಿನಲ್ಲೇ ಮೆಲ್ಲನೆ ತಿರುಗಿಸಿದಾಗ ಬಲ್ಬು ಹತ್ತಿದ್ದು ನೆತ್ತಿಗೆ ನಾಲ್ಕೂವರೆ ಮಿಲಿಮೀಟರು ಮುಂಚೆ! ಐದು ಡಿಗ್ರಿ ಅವಸರ. ಗೆರೆ ಹಾಕಿದವನದು ತಪ್ಪಲ್ಲ. ಅವನ ಗಾಡಿಯ ಕ್ರ್ಯಾಂಕು, ಕ್ಯಾಮುಗಳಿಗೆ ಅದು ಸರಿಯಿದ್ದೀತು. ಈ ಗಾಡಿಯಲ್ಲಿ ಅವೆರಡೂ ಬೇರೆ.

ನಮ್ಮೊಡನೆ ಶಿರಾದ ಹಿರಿಯ ಮೇಸ್ತ್ರಿಯೊಬ್ಬರಿದ್ದರು. “ಮೇಷ್ಟ್ರೇ, ಕಿವಿ ಸಾಕು, ಗೇಜು ಯಾಕೆ?” ಎಂದು ಆರಂಭದಲ್ಲಿ ನಕ್ಕವರು, ಬಲ್ಬು ಹತ್ತಿದಾಗ ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ಗೇಜನ್ನು ನೋಡಿದರು. ಅವರ ಕಿವಿಯ ಮೇಲೆ ನನಗೆ ಗೌರವವುಂಟು. ಕಾರ್ಬುರೇಟರನ್ನು ಅವರಂತೆ ಹದಗೊಳಿಸುವವರನ್ನು ನಾನು ಕಂಡಿಲ್ಲ. ಆದರೆ ಕಿಡಿಯ ವಿಷಯದಲ್ಲಿ ಕಿವಿ ಮೋಸಹೋಗುತ್ತದೆಂಬುದೇ ನನ್ನ ಮತ. ಅವಸರದ ಕಿಡಿ ನಿಂತ ಗಾಡಿಯಲ್ಲಿ ಚುರುಕಾಗಿ ಕೇಳಿಸುತ್ತದೆ. ಅದರ ಕೇಡು ತಿಳಿಯುವುದು ಭಾರ ಹೊತ್ತು ಏರು ಹತ್ತುವಾಗ, ಗಾಳಿ ಕಡಿಮೆಯಾಗಿ ರೆಕ್ಕೆಗಳು ಕಾದಾಗ. ಆಗ ಒಳಗಿನ ಬಡಿತ ಹೊಗೆಕೊಳವೆಯ ಸದ್ದಿನಲ್ಲಿ ಮುಳುಗಿಹೋಗಿರುತ್ತದೆ.

ಪ್ಲೇಟನ್ನು ಕೂದಲೆಳೆಯಷ್ಟು ಹೊರಳಿಸಿ, ಬಿಗಿದು, ಅಳೆದು, ಬಿಗಿಯುವಾಗ ಮತ್ತೆ ಸರಿಯಿತೆಂದು ಸಡಿಲಿಸಿ, ಮೂರು ಮಿಲಿಮೀಟರಿಗೆ ತಂದು ನಿಲ್ಲಿಸುವ ಹೊತ್ತಿಗೆ ಏಕಶಿಲೆಯ ಬೆಟ್ಟದ ನೆರಳು ಊರ ಮೇಲೆ ಬಿದ್ದಿತ್ತು. ಈಗ ಗಾಡಿ ಒಂದೇ ಒದೆತಕ್ಕೆ ಏಳಲಿಲ್ಲ, ಎರಡು ಬೇಕಾಯಿತು. ಹುಡುಗನ ಮುಖ ಸಣ್ಣಗಾಯಿತು. ಮರುದಿನ ಬಿಸಿಲೇರಿದ ಮೇಲೆ ಇಬ್ಬರೂ ಕೊರಟಗೆರೆಗೆ ಹೋಗಿಬಂದೆವು. ನನ್ನ ತೂಕ ಅಷ್ಟು ಹಗುರವಾದದ್ದೇನಲ್ಲ. ಮರಳಿ ಬಂದು ಪ್ಲಗ್ಗು ಬಿಚ್ಚಿದರೆ ಅದರ ತುದಿ ಹುರಿದ ಕಾಫಿಬೀಜದ ಬಣ್ಣಕ್ಕಿತ್ತು. ಮೇಸ್ತ್ರಿಗಳು ಅದನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು.

ಹೊಸ ಪಾಯಿಂಟಿನ ಹಿಮ್ಮಡಿ ಕ್ಯಾಮಿನ ಮೇಲೆ ಉಜ್ಜಿ ಸವೆದಂತೆಲ್ಲ ಅಂತರ ಕಿರಿದಾಗಿ ಕಿಡಿ ತಡವಾಗುತ್ತ ಹೋಗುತ್ತದೆ. ಐದುನೂರು ಕಿಲೋಮೀಟರು ಓಡಿದ ಮೇಲೆ ಮತ್ತೆ ಬಿಚ್ಚಿ ನೋಡಬೇಕು. ಅದನ್ನು ಅವನೇ ಮಾಡಲೆಂದು ಫೀಲರ್ ಗೇಜನ್ನೂ ಬಲ್ಬನ್ನೂ ಗಾಡಿಯ ಪೆಟ್ಟಿಗೆಯಲ್ಲಿಟ್ಟು ಪಾವಗಡಕ್ಕೆ ಕಳುಹಿಸಿಕೊಟ್ಟೆ. ಪ್ಲೇಟಿನ ಮೇಲಿದ್ದ ಹಳೆಯ ಗೆರೆಯನ್ನು ಮಾತ್ರ ಅರದಿಂದ ಉಜ್ಜಿ ಅಳಿಸಿದ್ದೇನೆ.