ಬೆರಳ ತುದಿಯಲ್ಲಿ ಬೆಳಕಿನ ಲೆಕ್ಕ

2020 ಮತ್ತು 2021ರ ಕೋವಿಡ್ ದಿನಗಳಲ್ಲಿ ಮುಂಬಯಿ, ಪುಣೆ, ದೆಹಲಿ, ಚೆನ್ನೈ, ಹೈದರಾಬಾದುಗಳ ಅಸಂಖ್ಯಾತ ಮನೆಗಳನ್ನು ಒಂದು ಪುಟ್ಟ ಉಪಕರಣ ಪ್ರವೇಶಿಸಿತು. ಒಣಹಾಕಿದ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪಿನಂತಹ ಅದರ ಬಾಯಲ್ಲಿ ಬೆರಳನ್ನಿರಿಸಿದರೆ ಕೆಲವೇ ಕ್ಷಣಗಳಲ್ಲಿ ಎರಡು ಅಂಕೆಗಳು ಮೂಡುತ್ತಿದ್ದವು: ಒಂದು ನಾಡಿಯ ಮಿಡಿತ, ಮತ್ತೊಂದು ರಕ್ತದಲ್ಲಿರುವ ಆಮ್ಲಜನಕದ ಶೇಕಡಾ ಪ್ರಮಾಣ. ಎರಡನೆಯ ಅಂಕೆ 94ಕ್ಕಿಂತ ಕೆಳಗಿಳಿದರೆ ಮನೆಮಂದಿಯ ಎದೆ ನಡುಗುತ್ತಿತ್ತು. ರೋಗಿಯನ್ನು ಮನೆಯಲ್ಲಿಯೇ ಇರಿಸಿಕೊಳ್ಳುವುದೋ, ಆಸ್ಪತ್ರೆಯಲ್ಲಿ ಹಾಸಿಗೆಗಾಗಿ ಅಲೆಯುವುದೋ ಎಂಬ ತೀರ್ಮಾನವನ್ನು ಎಷ್ಟೋ ಕುಟುಂಬಗಳು ಆ ಅಂಕೆಯನ್ನು ನಂಬಿಯೇ ಕೈಗೊಂಡವು.

ಪಲ್ಸ್ ಆಕ್ಸಿಮೀಟರ್ ಎಂಬ ಈ ಉಪಕರಣ ಇಂದು ಹಲವು ಮನೆಗಳಲ್ಲಿ ಬೀರುವಿನ ಮೂಲೆ ಸೇರಿದೆ. ಸೂಜಿ ಚುಚ್ಚದೆ, ಒಂದು ಹನಿ ರಕ್ತವನ್ನೂ ತೆಗೆಯದೆ ಅದು ರಕ್ತದ ಗುಟ್ಟನ್ನು ಅರಿಯುವುದೆಂತು? ಅದರ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು? ವಿಜ್ಞಾನದ ವಿದ್ಯಾರ್ಥಿಗಳು ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಬೇಕು. ಏಕೆಂದರೆ ಉಪಕರಣವು ಲೆಕ್ಕ ಹಾಕುವ ಬಗೆಯನ್ನು ಅರಿತವನಿಗೆ ಮಾತ್ರ ಅದು ಎಲ್ಲಿ ತಪ್ಪಬಹುದೆಂಬುದೂ ತಿಳಿಯುತ್ತದೆ.

ಬಣ್ಣವೇ ಸಾಕ್ಷಿ

ಶ್ವಾಸಕೋಶದಿಂದ ಅಂಗಾಂಗಗಳಿಗೆ ಆಮ್ಲಜನಕವನ್ನು ಹೊತ್ತೊಯ್ಯುವುದು ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್. ಇದರ ಒಂದೊಂದು ಅಣುವಿನಲ್ಲಿಯೂ ಆಮ್ಲಜನಕಕ್ಕೆಂದು ನಾಲ್ಕು ಸ್ಥಾನಗಳಿವೆ. ಶ್ವಾಸಕೋಶದಿಂದ ಹೊರಟ ರಕ್ತದಲ್ಲಿ ಇಂತಹ ನೂರು ಸ್ಥಾನಗಳಲ್ಲಿ ಎಷ್ಟು ಭರ್ತಿಯಾಗಿವೆ ಎಂಬುದೇ ಉಪಕರಣ ತೋರಿಸುವ ಶೇಕಡಾ ಅಂಕೆ. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 95ರಿಂದ 100ರವರೆಗೆ ಇರುತ್ತದೆ.

ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ ಕಡುಗೆಂಪು. ಅದನ್ನು ಕಳೆದುಕೊಂಡದ್ದು ಕಪ್ಪು ಛಾಯೆಯದು. ಬೆಳಕಿನ ಭಾಷೆಯಲ್ಲಿ ಹೇಳುವುದಾದರೆ, ಸುಮಾರು 660 ನ್ಯಾನೊಮೀಟರ್ ತರಂಗದೂರದ ಕೆಂಪು ಬೆಳಕನ್ನು ಬರಿದಾದ ಹಿಮೋಗ್ಲೋಬಿನ್ ಹೆಚ್ಚಾಗಿ ಹೀರುತ್ತದೆ. ಸುಮಾರು 940 ನ್ಯಾನೊಮೀಟರಿನ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ ಹೆಚ್ಚಾಗಿ ಹೀರುತ್ತದೆ. ಎರಡೂ ಬೆಳಕುಗಳನ್ನು ಹಾಯಿಸಿ ಯಾವುದು ಎಷ್ಟು ಪಾರಾಗಿ ಬಂದಿತೆಂದು ಅಳೆದರೆ ಭರ್ತಿಯಾದ ಸ್ಥಾನಗಳ ಪ್ರಮಾಣ ತಿಳಿಯಬೇಕಷ್ಟೆ.

ಈ ತತ್ತ್ವ ಹಳೆಯದು. 1935ರಲ್ಲಿ ಜರ್ಮನಿಯ ಕಾರ್ಲ್ ಮ್ಯಾಥೆಸ್ ಎರಡು ತರಂಗದೂರಗಳ ಬೆಳಕನ್ನು ಕಿವಿಯ ಮೂಲಕ ಹಾಯಿಸಿ ಅಳತೆಗೆ ಯತ್ನಿಸಿದ. 1940ರ ದಶಕದಲ್ಲಿ ಅಮೆರಿಕದ ಗ್ಲೆನ್ ಮಿಲಿಕನ್ ವೈಮಾನಿಕರಿಗಾಗಿ ಇಂತಹದೊಂದು ಸಾಧನವನ್ನು ರೂಪಿಸಿ ಅದಕ್ಕೆ ‘ಆಕ್ಸಿಮೀಟರ್’ ಎಂಬ ಹೆಸರನ್ನಿತ್ತ. ಆದರೆ ಬೆಳಕನ್ನು ಹೀರುವುದು ಶುದ್ಧರಕ್ತವೊಂದೇ ಅಲ್ಲ. ಚರ್ಮ, ಮಾಂಸ, ಅಭಿಧಮನಿಗಳಲ್ಲಿ ಹಿಂದಿರುಗುವ ರಕ್ತ ಎಲ್ಲವೂ ತಮ್ಮ ಪಾಲನ್ನು ಹೀರುತ್ತವೆ. ಇವುಗಳ ಪಾಲನ್ನು ಬೇರ್ಪಡಿಸಲು ಕಿವಿಯನ್ನು ಬಿಸಿಮಾಡುವುದು, ಒತ್ತಿ ಹಿಡಿದು ರಕ್ತವನ್ನು ಹೊರದೂಡಿ ಮೊದಲು ಸೊನ್ನೆಯನ್ನು ಗೊತ್ತುಪಡಿಸುವುದು ಮುಂತಾದ ಕಷ್ಟಕರ ವಿಧಾನಗಳು ಬೇಕಾಗುತ್ತಿದ್ದವು. ಆದ್ದರಿಂದ ಸಾಧನವು ಪ್ರಯೋಗಾಲಯದಿಂದ ಆಚೆಗೆ ಹೆಚ್ಚು ದೂರ ಸಾಗಲಿಲ್ಲ.

ಅಡಚಣೆಯೇ ಉತ್ತರವಾದ ಬಗೆ

ಈ ಗಂಟನ್ನು ಬಿಡಿಸಿದವರು ಜಪಾನಿನ ಎಂಜಿನಿಯರ್ ತಕುವೊ ಅಯೊಯಾಗಿ. 1936ರಲ್ಲಿ ಜನಿಸಿದ ಅವರು ಟೋಕಿಯೊದ ನಿಹೊನ್ ಕೊಹ್ಡೆನ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅವರು ಕೈಗೆತ್ತಿಕೊಂಡದ್ದು ಆಮ್ಲಜನಕವನ್ನಲ್ಲ. ಹೃದಯವು ಎಷ್ಟು ರಕ್ತವನ್ನು ಹೊರದೂಡುತ್ತದೆಂದು ಅಳೆಯುವ ಕೆಲಸವನ್ನು. ರಕ್ತಕ್ಕೆ ಒಂದು ವರ್ಣದ್ರವ್ಯವನ್ನು ಸೇರಿಸಿ, ಅದು ಕಾಲಕ್ರಮದಲ್ಲಿ ತಿಳಿಯಾಗುತ್ತ ಹೋಗುವುದನ್ನು ಕಿವಿಯಲ್ಲಿ ಹಾಯಿಸಿದ ಬೆಳಕಿನಿಂದ ಗುರುತಿಸುವುದು ಅವರ ಉದ್ದೇಶವಾಗಿತ್ತು. ಆದರೆ ಪ್ರತಿ ನಾಡಿಮಿಡಿತಕ್ಕೂ ಬೆಳಕು ಏರಿಳಿದು ರೇಖೆಯನ್ನು ಕೆಡಿಸುತ್ತಿತ್ತು.

ಈ ಏರಿಳಿತವನ್ನು ಅಳಿಸಿಹಾಕಲು ಅವರು ಎರಡನೆಯ ತರಂಗದೂರದ ಬೆಳಕನ್ನು ಬಳಸಿ, ಒಂದರ ಏರಿಳಿತವನ್ನು ಇನ್ನೊಂದರಿಂದ ಸರಿದೂಗಿಸಿದರು. ಯುಕ್ತಿ ಫಲಿಸಿತು, ಆದರೆ ರಕ್ತದ ಆಮ್ಲಜನಕ ಬದಲಾದೊಡನೆ ಸರಿದೂಗಿಸಿದ ಲೆಕ್ಕ ಮತ್ತೆ ತಪ್ಪಿತು. ಅಯೊಯಾಗಿಯವರ ಪ್ರತಿಭೆ ಹೊಳೆದದ್ದು ಇಲ್ಲಿ. ಅಳಿಸಲು ಹೊರಟ ಏರಿಳಿತವೇ ಆಮ್ಲಜನಕದ ಪ್ರಮಾಣವನ್ನು ಹೇಳುತ್ತಿದೆ ಎಂಬುದನ್ನು ಅವರು ಗ್ರಹಿಸಿದರು.

ಇದರ ತರ್ಕ ಸರಳವಾದುದು. ಚರ್ಮ, ಮೂಳೆ, ಮಾಂಸಗಳು ಹೀರುವ ಬೆಳಕು ಕ್ಷಣಕ್ಷಣಕ್ಕೂ ಬದಲಾಗದು. ಹೃದಯ ಮಿಡಿದಾಗಲೆಲ್ಲ ಅಪಧಮನಿಗಳಿಗೆ ಹೊಸದಾಗಿ ನುಗ್ಗುವ ರಕ್ತ ಮಾತ್ರ ಹೆಚ್ಚುವರಿ ಬೆಳಕನ್ನು ಹೀರುತ್ತದೆ. ವ್ಯಾಪಾರಿಯೊಬ್ಬನ ಪೆಟ್ಟಿಗೆಯಲ್ಲಿ ಬೆಳಿಗ್ಗೆ ಇದ್ದ ಶಿಲ್ಕು ಎಷ್ಟೇ ಇರಲಿ, ಅದಕ್ಕೂ ಸಂಜೆಯ ಶಿಲ್ಕಿಗೂ ಇರುವ ವ್ಯತ್ಯಾಸವನ್ನು ನೋಡಿದರೆ ಆ ದಿನದ ನಿವ್ವಳ ಜಮೆ ತಿಳಿಯುತ್ತದೆ. ಅಂತೆಯೇ, ಬದಲಾಗದ್ದನ್ನು ಬಿಟ್ಟು ಬದಲಾದುದನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಉಳಿಯುವುದು ಅಪಧಮನಿಯ ರಕ್ತವೇ. ಕಿವಿಯನ್ನು ಒತ್ತುವ ಕಾರಣವೂ ಇಲ್ಲ, ಬಿಸಿಮಾಡುವ ಕಾರಣವೂ ಇಲ್ಲ.

1974ರಲ್ಲಿ ಅಯೊಯಾಗಿಯವರು ಈ ವಿಧಾನವನ್ನು ಓಸಾಕದಲ್ಲಿ ನಡೆದ ಸಮ್ಮೇಳನದಲ್ಲಿ ಮಂಡಿಸಿದರು. ಜಪಾನಿನ ಮಿನೋಲ್ಟಾ ಸಂಸ್ಥೆ 1977ರಲ್ಲಿ ಬೆರಳಿಗೆ ತೊಡಿಸುವ ಮಾದರಿಯನ್ನು ಮಾರುಕಟ್ಟೆಗೆ ತಂದಿತು. 1980ರ ದಶಕದಲ್ಲಿ ಬೆಳಕು ಸೂಸುವ ಡಯೋಡುಗಳೂ ಮೈಕ್ರೋಪ್ರೊಸೆಸರುಗಳೂ ಜೊತೆಗೂಡಿ ಉಪಕರಣವನ್ನು ಚಿಕ್ಕದಾಗಿಸಿದವು. ಡಯೋಡುಗಳು ಸೆಕೆಂಡಿಗೆ ನೂರಾರು ಬಾರಿ ಸರದಿಯಂತೆ ಹೊತ್ತಿ ಆರುತ್ತವೆ. ಎರಡೂ ಆರಿರುವ ಕ್ಷಣದಲ್ಲಿ ಕೋಣೆಯ ದೀಪದ ಬೆಳಕನ್ನು ಅಳೆದು ಅದನ್ನೂ ಕಳೆಯಲಾಗುತ್ತದೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯಲ್ಲಿ ಈ ಉಪಕರಣಕ್ಕೆ ಸ್ಥಾನ ದೊರೆಯಿತು. ಅದರ ಜನಕ ಅಯೊಯಾಗಿಯವರು ಏಪ್ರಿಲ್ 2020ರಲ್ಲಿ, ಜಗತ್ತೇ ಆ ಉಪಕರಣಕ್ಕಾಗಿ ಹಂಬಲಿಸುತ್ತಿದ್ದ ದಿನಗಳಲ್ಲಿ, ನಿಧನ ಹೊಂದಿದರು.

ಶೇಕಡಾ ಅಂಕೆ ಹೇಳದಿರುವ ಮಾತು

ಇಷ್ಟು ಸೊಗಸಾದ ಸಾಧನಕ್ಕೂ ಮಿತಿಗಳುಂಟು. ಮೊದಲನೆಯದಾಗಿ, ಅದು ಹೇಳುವುದು ಪ್ರಮಾಣವನ್ನೇ ಹೊರತು ಮೊತ್ತವನ್ನಲ್ಲ. ನೂರು ರೂಪಾಯಿಯಲ್ಲಿ ಶೇಕಡಾ 98 ಎಂದರೂ, ಐವತ್ತು ರೂಪಾಯಿಯಲ್ಲಿ ಶೇಕಡಾ 98 ಎಂದರೂ ಅಂಕೆ ಒಂದೇ. ಕೈಗೆ ಬರುವ ಹಣ ಮಾತ್ರ ಅರ್ಧ. ರಕ್ತಹೀನತೆಯಿಂದ ಬಳಲುವ ಮಹಿಳೆಯಲ್ಲಿ ಹಿಮೋಗ್ಲೋಬಿನ್ ಅರ್ಧಕ್ಕಿಳಿದಿದ್ದರೂ ಉಪಕರಣ 98 ಎಂದೇ ತೋರಿಸಬಹುದು. ಆಕೆಯ ಆಯಾಸಕ್ಕೆ ಕಾರಣವನ್ನು ರಕ್ತಪರೀಕ್ಷೆಯೇ ಹೇಳಬೇಕು.

ಎರಡನೆಯದು ಇನ್ನೂ ಗಂಭೀರವಾದುದು. ಗಾಳಿಯಾಡದ ಸ್ನಾನದ ಕೋಣೆಯಲ್ಲಿ ಗ್ಯಾಸ್ ಗೀಸರ್ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟಬಹುದು. ಅದು ಹಿಮೋಗ್ಲೋಬಿನ್ನಿನಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ಎರಡೇ ತರಂಗದೂರಗಳನ್ನು ಬಳಸುವ ಸಾಧಾರಣ ಉಪಕರಣಕ್ಕೆ ಈ ಕಳ್ಳ ಅತಿಥಿಯೂ ಆಮ್ಲಜನಕದಂತೆಯೇ ಕಾಣುತ್ತದೆ. ವ್ಯಕ್ತಿ ಉಸಿರುಗಟ್ಟಿ ಬಿದ್ದಿದ್ದರೂ ಅಂಕೆ ಸಮಾಧಾನಕರವಾಗಿಯೇ ತೋರಬಹುದು. ಆಗ ಅಂಕೆಯನ್ನು ನೋಡುತ್ತ ಕೂಡದೆ, ರೋಗಿಯನ್ನು ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಸಾಗಿಸುವುದೇ ವಿವೇಕ.

ಮೂರನೆಯದಾಗಿ, ಅಂಕೆಯ ಇಳಿತ ಎಲ್ಲ ಹಂತಗಳಲ್ಲಿಯೂ ಒಂದೇ ಅರ್ಥವನ್ನು ಕೊಡುವುದಿಲ್ಲ. 98ರಿಂದ 90ರವರೆಗಿನ ಹಾದಿ ಬೆಟ್ಟದ ಮೇಲಿನ ಬಯಲಿನಂತೆ. ಅಲ್ಲಿಂದಾಚೆಗೆ ಕಡಿದಾದ ಇಳಿಜಾರು. 90ರ ಕೆಳಗೆ ರಕ್ತದಲ್ಲಿನ ಆಮ್ಲಜನಕದ ಒತ್ತಡ ಸ್ವಲ್ಪ ತಗ್ಗಿದರೂ ಅಂಕೆ ವೇಗವಾಗಿ ಕುಸಿಯುತ್ತದೆ. ಬಯಲಿನ ಅಂಚಿಗೆ ಬರುವ ಮುನ್ನವೇ ಎಚ್ಚರಿಸುವುದಕ್ಕಾಗಿ ಕೋವಿಡ್ ಕಾಲದಲ್ಲಿ 94ರ ಗೆರೆಯನ್ನು ಎಳೆಯಲಾಯಿತು.

ಚರ್ಮದ ಬಣ್ಣದ ಪ್ರಶ್ನೆ

ಚರ್ಮದ ಪಾಲು ಕಳೆದುಹೋಗುತ್ತದೆ ಎಂಬುದು ಮೂಲ ತತ್ತ್ವ. ವ್ಯವಹಾರದಲ್ಲಿ ಅದು ಪೂರ್ತಿಯಾಗಿ ಕಳೆಯುವುದಿಲ್ಲವೆಂಬ ಅನುಮಾನ ಬಹುಕಾಲದಿಂದ ಇತ್ತು. 1990ರಲ್ಲಿಯೇ ಈ ಬಗ್ಗೆ ಅಮೆರಿಕದಲ್ಲಿ ಅಧ್ಯಯನವೊಂದು ಪ್ರಕಟವಾಗಿತ್ತು. ಡಿಸೆಂಬರ್ 2020ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಂಕಿ ಅಂಶಗಳು ಈ ಪ್ರಶ್ನೆಯನ್ನು ಜಗತ್ತಿನ ಮುಂದಿರಿಸಿದವು. ಉಪಕರಣ 92ರಿಂದ 96ರವರೆಗೆ ತೋರಿಸುತ್ತಿದ್ದಾಗ, ಅಪಧಮನಿಯ ರಕ್ತವನ್ನೇ ತೆಗೆದು ಪರೀಕ್ಷಿಸಿದರೆ ನಿಜವಾದ ಪ್ರಮಾಣ 88ಕ್ಕಿಂತ ಕಡಿಮೆ ಇದ್ದ ಸಂದರ್ಭಗಳು ಬಿಳಿಯರಲ್ಲಿ ಶೇಕಡಾ 3.6, ಕರಿಯರಲ್ಲಿ ಶೇಕಡಾ 11.7. ಅಂದರೆ ಅಪಾಯ ಮರೆಯಾಗುವ ಸಂಭವ ಸುಮಾರು ಮೂರು ಪಟ್ಟು.

ಇದಕ್ಕೆ ಒಂದು ಕಾರಣ ಉಪಕರಣವನ್ನು ಹದಗೊಳಿಸುವ ಕ್ರಮದಲ್ಲಿದೆ. ಎರಡು ಬೆಳಕುಗಳ ಅನುಪಾತವನ್ನು ಶೇಕಡಾ ಅಂಕೆಯಾಗಿ ಪರಿವರ್ತಿಸುವ ಕೋಷ್ಟಕವನ್ನು ಕೇವಲ ಗಣಿತದಿಂದ ಪಡೆಯಲಾಗದು. ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆಯಿರುವ ಗಾಳಿಯನ್ನು ಉಸಿರಾಡಿಸಿ, ಅವರ ರಕ್ತಪರೀಕ್ಷೆಯೊಂದಿಗೆ ಉಪಕರಣದ ಅಳತೆಯನ್ನು ತಾಳೆ ನೋಡಿ ಆ ಕೋಷ್ಟಕವನ್ನು ಸಿದ್ಧಪಡಿಸುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ 2013ರ ಮಾರ್ಗಸೂಚಿಯಂತೆ ಇದಕ್ಕೆ ಕನಿಷ್ಠ ಹತ್ತು ಜನ ಸಾಕಾಗುತ್ತಿತ್ತು. ಅವರಲ್ಲಿ ಕಪ್ಪು ಚರ್ಮದವರು ಇಬ್ಬರಿದ್ದರೂ ನಡೆಯುತ್ತಿತ್ತು. ಜನವರಿ 2025ರಲ್ಲಿ ಅದೇ ಸಂಸ್ಥೆ ಹೊರಡಿಸಿದ ಕರಡು ಸೂಚನೆಯು ನಾನಾ ಚರ್ಮವರ್ಣಗಳ ಕನಿಷ್ಠ 150 ಜನರ ಪರೀಕ್ಷೆಯನ್ನು ಸೂಚಿಸಿದೆ.

ಗೋಧಿಬಣ್ಣದಿಂದ ಎಣ್ಣೆಗಪ್ಪಿನವರೆಗೆ ಒಂದೇ ಕುಟುಂಬದಲ್ಲಿ ಹತ್ತು ಛಾಯೆಗಳನ್ನು ಕಾಣುವ ಭಾರತೀಯರಿಗೆ ಇದು ದೂರದ ಸುದ್ದಿಯಲ್ಲ. ಕಪ್ಪು ಚರ್ಮದವರ ಬೆರಳಿನಲ್ಲಿ ಮೂಡುವ 94 ಎಂಬ ಅಂಕೆಯನ್ನು ಕೊಂಚ ಹೆಚ್ಚಿನ ಎಚ್ಚರಿಕೆಯಿಂದ ಓದಬೇಕಾಗುತ್ತದೆ.

ಮನೆಯಲ್ಲಿ ಬಳಸುವಾಗ

ಅಳತೆಗೆ ಮೊದಲು ಕೆಲವು ನಿಮಿಷ ವಿಶ್ರಮಿಸುವುದು, ಉಗುರುಬಣ್ಣವನ್ನು ತೆಗೆಯುವುದು, ತಣ್ಣಗಾದ ಕೈಯನ್ನು ಉಜ್ಜಿ ಬೆಚ್ಚಗೆ ಮಾಡುವುದು, ಬೆರಳನ್ನು ಅಲುಗಿಸದಿರುವುದು ಅವಶ್ಯ. ಅಂಕೆ ಸ್ಥಿರವಾಗುವವರೆಗೆ ಕಾದು, ವೇಳೆಯೊಡನೆ ಬರೆದಿಡಬೇಕು. ಒಂದು ಅಂಕೆಗಿಂತ ದಿನದಿಂದ ದಿನಕ್ಕೆ ಆಗುವ ಬದಲಾವಣೆ ಹೆಚ್ಚು ಅರ್ಥವನ್ನು ಹೇಳುತ್ತದೆ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಿಗೆ ತಕ್ಕ ಅಂಕೆ ಯಾವುದೆಂಬುದನ್ನು ಅವರ ವೈದ್ಯರೇ ನಿರ್ಧರಿಸಬೇಕು. ಏದುಸಿರು, ಎದೆನೋವು, ಬುದ್ಧಿಯ ಮಂಪರು, ತುಟಿ ನೀಲಿಗಟ್ಟುವುದು ಇವುಗಳಲ್ಲಿ ಯಾವುದು ಕಂಡರೂ, ಅಂಕೆ ಎಷ್ಟೇ ಇರಲಿ, ವೈದ್ಯರ ಬಳಿಗೆ ಧಾವಿಸಬೇಕು.

ಎಂಜಿನಿಯರಿಂಗ್ ಓದುವ ಯುವಕ ಯುವತಿಯರಿಗೆ ಈ ಕಥೆಯಲ್ಲಿ ಮಾಡಲು ಕೆಲಸವೂ ಉಳಿದಿದೆ. ಇನ್ನೂ ಹೆಚ್ಚಿನ ತರಂಗದೂರಗಳನ್ನು ಬಳಸುವುದು, ಎಲ್ಲ ಬಣ್ಣದ ಚರ್ಮಗಳಲ್ಲಿಯೂ ಸರಿಯಾಗಿ ಲೆಕ್ಕ ಹಾಕುವ ಕೋಷ್ಟಕಗಳನ್ನು ಕಟ್ಟುವುದು ಅಂತಹ ಕೆಲಸಗಳು. ಅಯೊಯಾಗಿಯವರು ತಮ್ಮ ರೇಖೆಯನ್ನು ಕೆಡಿಸುತ್ತಿದ್ದ ನಾಡಿಯ ಏರಿಳಿತವನ್ನು ಪರೀಕ್ಷಿಸಿ ಒಂದು ಉಪಕರಣವನ್ನು ಪಡೆದರು. ಆ ಉಪಕರಣದಲ್ಲಿ ಇಂದು ಉಳಿದಿರುವ ದೋಷವನ್ನೂ ಅಷ್ಟೇ ತಾಳ್ಮೆಯಿಂದ ಪರೀಕ್ಷಿಸುವವರು ಬೇಕಾಗಿದ್ದಾರೆ.