ಮಾಟುಂಗದ ಊಟದ ಮನೆಗಳು

ಹೊರಗೆ ಊಟಮಾಡುವುದೆಲ್ಲಿ ಎಂದು ಮುಂಬಯಿಗೆ ಬಂದ ನೆಂಟರು ಕೇಳಿದರೆ ನಾವು ಮೊದಲು ಮಾಟುಂಗವನ್ನೇ ಹೆಸರಿಸುತ್ತೇವೆ. ರೈಲುನಿಲ್ದಾಣದ ಬಳಿ ಎ. ರಾಮನಾಯಕರು 1942ರಲ್ಲಿ ಸ್ಥಾಪಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಊಟ ಇಂದಿಗೂ ದೊರೆಯುತ್ತದೆ. ಇಡ್ಲಿ, ದೋಸೆಗಳಿಗೆ ಕೆಫೆ ಮದ್ರಾಸ್ ಪ್ರಸಿದ್ಧವಾಗಿದೆ. ಮನೆಮಠ ಬಿಟ್ಟು ದುಡಿಯಲು ಬಂದವರಿಗೆ ಇಂಥ ಹೋಟೆಲುಗಳು ಊರಿನ ರುಚಿಯನ್ನು ಮಿತವಾದ ಬೆಲೆಗೆ ಒದಗಿಸಿದುವು.

ಆದರೆ ಇವುಗಳ ಉಪಕಾರ ಊಟಕ್ಕಷ್ಟೇ ಸೀಮಿತವಲ್ಲ. ತುಳುನಾಡಿನಿಂದ ಬಂದ ಎಷ್ಟೋ ಬಡ ಹುಡುಗರು ನಗರದ ಉಡುಪಿ ಹೋಟೆಲುಗಳಲ್ಲಿ ಹಗಲೆಲ್ಲ ಮಾಣಿಗಳಾಗಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಅನ್ನವೂ ಮಲಗಲು ಜಾಗವೂ ಹೋಟೆಲಿನಲ್ಲೇ ದೊರೆತುದರಿಂದ ಅವರ ವಿದ್ಯಾಭ್ಯಾಸ ಸಾಧ್ಯವಾಯಿತು. ಅಂಥ ರಾತ್ರಿಶಾಲೆಗಳು ಈಗ ವಿರಳ. ಆದುದರಿಂದ ಎಲೆಯ ಮುಂದೆ ಕುಳಿತಾಗ ಬಡಿಸುವವರನ್ನು ಆದರದಿಂದ ಮಾತನಾಡಿಸೋಣ. ಅವರಲ್ಲಿ ಓದುವ ಹಂಬಲವಿದ್ದರೆ ದಾರಿ ತೋರುವುದು ನಮ್ಮೆಲ್ಲರ ಕರ್ತವ್ಯ.