ಗೋಡೆಯೊಳಗೆ ಟಕ್ ಟಕ್ ಅನ್ನೋದು ಯಾರು?

ಮಕ್ಕಳೇ, ಚಳಿಗಾಲದಲ್ಲಿ ಬೆಳಗ್ಗೆ ಮನೆಯ ಹೀಟಿಂಗ್ ಆನ್ ಆದಾಗ ಏನೇನು ಸದ್ದು ಕೇಳಿಸುತ್ತೆ ಅಂತ ಯಾವತ್ತಾದ್ರೂ ಗಮನಿಸಿದ್ದೀರಾ? ಮೊದಲು ಅಡುಗೆಮನೆ ಮೂಲೆಯ ಬಾಯ್ಲರ್‌ನಿಂದ ಗುರ್ರ್ ಅಂತ. ಆಮೇಲೆ ನೆಲದ ಹಲಗೆಗಳ ಕೆಳಗಿಂದ ಟಕ್ ಟಕ್. ಕೆಲವರ ಮನೆಯಲ್ಲಿ ರೇಡಿಯೇಟರ್ ಒಳಗೆ ಹೊಟ್ಟೆ ಹಸಿದ ಹಾಗೆ ಗುಳುಗುಳು.

ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ನಮ್ಮಮ್ಮ ತಿಪಟೂರಿನಿಂದ ಇಲ್ಲಿಗೆ, ಲಂಡನ್ ಹತ್ತಿರದ ನಮ್ಮ ಹಳೇ ಮನೆಗೆ ಬಂದಿದ್ರು. ಮೂರನೇ ದಿನ ಬೆಳಗ್ಗೆ ಕಾಫಿ ಕುಡೀತಾ, "ಏನೇ ಇದು, ರಾತ್ರಿ ಗೋಡೆಯೊಳಗೆ ಯಾರೋ ಕುಟ್ಟಿದ ಹಾಗಾಗುತ್ತೆ" ಅಂದ್ರು. ಚಳಿ ಆಗ್ತಿದೆ ಅಂತ ಮಾತ್ರ ಹೇಳಲೇ ಇಲ್ಲ. ಸ್ವೆಟರ್ ಮೇಲೆ ಶಾಲು, ಅದರ ಮೇಲೆ ನನ್ನ ಮಗನ ಜಾಕೆಟ್ ಹಾಕ್ಕೊಂಡು ಅವರು ಮಲಗ್ತಿದ್ದದ್ದನ್ನ ಪತ್ತೆ ಮಾಡಿದ್ದು ನನ್ನ ಮಗಳು. ಅವರ ಕೋಣೆಯ ರೇಡಿಯೇಟರ್ ಮುಟ್ಟಿ ನೋಡಿದೆ. ಮೇಲೆ ಬಿಸಿ, ಕೆಳಗೆ ಅರ್ಧ ತಣ್ಣಗೆ.

ನೋಡೋಕೆ ಬಂದ ಒಬ್ಬರು ಐದೇ ನಿಮಿಷದಲ್ಲಿ "ಬಾಯ್ಲರ್ ಹಳೇದು, ಹೊಸದು ಹಾಕಿಸಿ" ಅಂತ ಸಾವಿರಾರು ಪೌಂಡಿನ ಲೆಕ್ಕ ಬರೆದುಕೊಟ್ಟರು. ನಾನು ಸಾಫ್ಟ್‌ವೇರ್ ಕೆಲಸದವಳು. ಒಂದು ಪ್ರೋಗ್ರಾಂ ಕೈಕೊಟ್ಟರೆ ನಾವು ಇಡೀ ಕಂಪ್ಯೂಟರ್ ಬಿಸಾಕಲ್ಲ, ತಪ್ಪು ಎಲ್ಲಿದೆ ಅಂತ ಮೊದಲು ಹುಡುಕ್ತೀವಿ. ಹಾಗೆ ಹುಡುಕಿದಾಗ ಕಲಿತದ್ದನ್ನೇ ಇಲ್ಲಿ ಬರೀತಿದ್ದೀನಿ.

ನಿಮ್ಮ ಅಜ್ಜಿಯ ಊರಲ್ಲಿ ಬಚ್ಚಲುಮನೆಯ ಹಂಡೆ ನೋಡಿದ್ದೀರಲ್ಲ? ಕೆಳಗೆ ತೆಂಗಿನ ಮಟ್ಟೆ, ಚಿಪ್ಪು ಉರಿಸಿ ನೀರು ಕಾಯಿಸ್ತಾರೆ. ಬಾಯ್ಲರ್ ಕೂಡ ಒಂದು ಹಂಡೆಯೇ, ಸೌದೆ ಬದಲು ಗ್ಯಾಸ್. ಆದರೆ ಒಂದು ವ್ಯತ್ಯಾಸ ಇದೆ. ಹಂಡೆಯ ನೀರು ಸ್ನಾನಕ್ಕೆ ಹೋಗಿ ಮುಗಿಯಿತು, ನಾಳೆಗೆ ಬೇರೆ ನೀರು. ರೇಡಿಯೇಟರಿನ ನೀರು ಹಾಗಲ್ಲ. ಪಂಪು ತಳ್ಳಿದ ಹಾಗೆ ಬಾಯ್ಲರಿಂದ ರೇಡಿಯೇಟರಿಗೆ, ಅಲ್ಲಿಂದ ವಾಪಸ್ ಬಾಯ್ಲರಿಗೆ, ಅದೇ ನೀರು ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತೆ.

ರೇಡಿಯೇಟರ್ ಉಕ್ಕಿನದು. ಉಕ್ಕು, ನೀರು, ನೀರಿನಲ್ಲಿ ಕರಗಿರುವ ಆಮ್ಲಜನಕ ಮೂರೂ ಸೇರಿದರೆ ತುಕ್ಕು ಹಿಡಿಯಲೇಬೇಕು. ಮಳೇಲಿ ಬಿಟ್ಟ ಸೈಕಲ್ಲಿನ ತುಕ್ಕು ಕೆಂಪಗಿರುತ್ತೆ. ರೇಡಿಯೇಟರ್ ಒಳಗೆ ಆಮ್ಲಜನಕ ಕಮ್ಮಿ, ಹಾಗಾಗಿ ಅಲ್ಲಿನ ತುಕ್ಕು ಕಪ್ಪು. ಅದರ ಹೆಸರು ಮ್ಯಾಗ್ನಟೈಟ್. ಹೆಸರು ಕೇಳಿ ಗಾಬರಿ ಬೇಡ, ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಗಣಿಯಿಂದ ತೆಗೀತಿದ್ದ ಅದಿರಿನಲ್ಲಿ ಇದ್ದದ್ದೂ ಇದೇ. ಪುಡಿ ಮಾಡಿ, ನೀರಲ್ಲಿ ಕಲಸಿ, ಘಾಟಿಯಿಂದ ಮಂಗಳೂರಿಗೆ ಪೈಪಿನಲ್ಲೇ ಕಳಿಸ್ತಿದ್ರು. ನಮ್ಮ ಮನೆಯ ಪೈಪಿನಲ್ಲೂ ಅಂಥದೇ ಒಂದು ಪುಟ್ಟ ಗಣಿ ನಡೀತಿತ್ತು, ನಮಗೇ ಗೊತ್ತಿರಲಿಲ್ಲ!

ಈ ಕಪ್ಪು ಪುಡಿ ಭಾರ. ನೀರು ನಿಧಾನವಾಗಿ ಹರಿಯೋ ಕಡೆ, ಅಂದ್ರೆ ರೇಡಿಯೇಟರಿನ ತಳದಲ್ಲಿ, ಕೆಸರಾಗಿ ಕೂರುತ್ತೆ. ಬಿಸಿನೀರು ಅಲ್ಲಿಗೆ ನುಗ್ಗೋಕೆ ಆಗಲ್ಲ. ಆದ್ದರಿಂದ ಕೈಯಿಂದಲೇ ರೋಗ ಕಂಡುಹಿಡೀಬಹುದು. ಕೆಳಗೆ ತಣ್ಣಗಿದ್ದರೆ ಕೆಸರು. ಮೇಲೆ ತಣ್ಣಗಿದ್ದು ಗುಳುಗುಳು ಅಂದರೆ ಒಳಗೆ ಗಾಳಿ. ಬಾಯ್ಲರಿನ ಹತ್ತಿರದ ರೇಡಿಯೇಟರೆಲ್ಲ ಸುಡುತ್ತಾ, ದೂರದ ಕೋಣೆಯದು ಪೂರ್ತಿ ತಣ್ಣಗಿದ್ದರೆ ಅದು ಮದುವೆ ಊಟದ ಪಂಕ್ತಿಯ ಸಮಸ್ಯೆ. ಮೊದಲು ಕೂತವರಿಗೇ ಪಲ್ಯವೆಲ್ಲ ಬಡಿಸಿ, ಕೊನೆಯವರಿಗೆ ಬರೀ ಸೌಟು ತೋರಿಸಿದ ಹಾಗೆ. ಹತ್ತಿರದ ರೇಡಿಯೇಟರುಗಳ ಒಂದು ತುದಿಯಲ್ಲಿ ಟೋಪಿ ಹಾಕಿಕೊಂಡ ವಾಲ್ವ್ ಇರುತ್ತೆ. ಅದನ್ನ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರೆ ದೂರದವರಿಗೂ ಪಾಲು ಸಿಗುತ್ತೆ. ತಾಳ್ಮೆ ಬೇಕು, ನನಗೆ ಒಂದು ಭಾನುವಾರ ಪೂರ್ತಿ ಹಿಡೀತು.

ಗಾಳಿ ತೆಗೆಯೋದು ಸುಲಭ. ದೊಡ್ಡವರು ಜೊತೆಗಿರಲಿ. ಹೀಟಿಂಗ್ ಆಫ್ ಮಾಡಿ, ತಣಿಯಲು ಬಿಡಿ. ರೇಡಿಯೇಟರ್ ಕೀಲಿಯನ್ನ ಕಾಲು ಸುತ್ತು ತಿರುಗಿಸಿದರೆ ಕುಕ್ಕರ್ ಹಾಗೆ ಸ್ಸ್ಸ್ ಅನ್ನುತ್ತೆ. ನೀರು ಬಂದ ತಕ್ಷಣ ಮುಚ್ಚಿ. ಕೆಳಗೆ ಬಟ್ಟಲು, ಹಳೇ ಟವಲ್ ಎರಡೂ ಇಡಿ. ನಾನು ಟವಲ್ ಇಡಲಿಲ್ಲ. ಕಪ್ಪು ನೀರು ಕಾರ್ಪೆಟ್ ಮೇಲೆ ಚಿಮ್ಮಿತು, ಆ ಕಲೆ ಮೇಲೆ ಈಗ ಅಮ್ಮ ತಂದ ಚಾಪೆ ಇದೆ. ಇನ್ನೊಂದು ಮಾತು. ಆ ಸ್ಸ್ಸ್ ಬರೀ ಗಾಳಿ ಅಲ್ಲದೆಯೂ ಇರಬಹುದು. ತುಕ್ಕು ಹಿಡಿಯುವಾಗ ಹೈಡ್ರೋಜನ್ ಕೂಡ ಹುಟ್ಟುತ್ತೆ, ಅದು ಉರಿಯುವ ಅನಿಲ. ದೀಪ, ಊದುಬತ್ತಿ ಹತ್ತಿರ ತರಬೇಡಿ.

ಅಪ್ಪ ಅಮ್ಮಂದಿರೇ, ಇದು ನಿಮಗೆ. ಗಾಳಿ ತೆಗೆದ ಮೇಲೆ ಪ್ರೆಶರ್ ಮುಳ್ಳು ನೋಡಿ. ಮುಚ್ಚಿದ ವ್ಯವಸ್ಥೆಯಾದರೆ ತಣ್ಣಗಿದ್ದಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು. ಕಮ್ಮಿ ಇದ್ದರೆ ನೀರು ತುಂಬ್ತೀರಿ, ಸರಿ. ಆದರೆ ವಾರ ವಾರ ತುಂಬಬೇಕಾದರೆ ಎಲ್ಲೋ ಸೋರ್ತಿದೆ ಅಂತ ಅರ್ಥ. ಹಳೇ ನೀರಿನ ಆಮ್ಲಜನಕ ತುಕ್ಕಾಗಿ ಮುಗಿದಿರುತ್ತೆ. ಹೊಸ ನೀರು ಹೊಸ ಆಮ್ಲಜನಕ ತರುತ್ತೆ, ತುಕ್ಕು ಮತ್ತೆ ಶುರು. ನಾನು ಎರಡು ವರ್ಷ ಇದೇ ತಪ್ಪು ಮಾಡ್ತಿದ್ದೆ, ಮನೆ ನೋಡಿಕೊಳ್ತಿದ್ದೀನಿ ಅಂದುಕೊಂಡು.

ಇನ್ನು ಆ ಟಕ್ ಟಕ್. ಆರು ಮೀಟರ್ ಉದ್ದದ ತಾಮ್ರದ ಪೈಪು 50 ಡಿಗ್ರಿ ಬಿಸಿಯಾದರೆ ಸುಮಾರು 5 ಮಿಲಿಮೀಟರ್ ಉದ್ದವಾಗುತ್ತೆ. ನಮ್ಮ ಪೈಪುಗಳು ಮರದ ತೊಲೆಯಲ್ಲಿ ಕೊರೆದ ಕಚ್ಚಿನಲ್ಲಿ ಬಿಗಿಯಾಗಿ ಕೂತಿವೆ. ಉದ್ದವಾಗುವಾಗ ಮರಕ್ಕೆ ಉಜ್ಜಿ ಜಾರುತ್ತೆ, ಟಕ್! ರಾತ್ರಿ ತಣಿದು ಗಿಡ್ಡವಾಗುವಾಗ ಮತ್ತೆ ಟಕ್! ಅಮ್ಮನ ಕೋಣೆಯ ಒಂದು ಹಲಗೆ ಎಬ್ಬಿಸಿ, ಪೈಪಿನ ಕೆಳಗೆ ದಪ್ಪ ಫೆಲ್ಟ್ ಬಟ್ಟೆಯ ಪಟ್ಟಿ ತೂರಿಸಿದ್ದಕ್ಕೆ ಅಲ್ಲಿ ಸದ್ದು ನಿಂತಿತು. ಹಲಗೆ ಕೆಳಗೆ ಕರೆಂಟಿನ ವೈರೂ ಇರುತ್ತೆ, ಹುಷಾರು.

ಬಾಯ್ಲರ್ ಕೆಟಲ್ ಹಾಗೆ ಗೊರಗೊರ ಅಂದರೆ ಅದರೊಳಗೆ ಸುಣ್ಣ ಅಥವಾ ಕೆಸರು ಕಟ್ಟಿರಬಹುದು. ಲಂಡನ್ ಸುತ್ತಮುತ್ತ ನೀರು ಗಡಸು, ನಿಮ್ಮ ಕೆಟಲ್ಲಿನ ತಳ ನೋಡಿದರೆ ಗೊತ್ತಾಗುತ್ತೆ. ಆದರೆ ಗ್ಯಾಸ್ ಬಾಯ್ಲರಿನ ಕವರ್ ತೆಗೆಯೋದು ನಮ್ಮ ಕೆಲಸ ಅಲ್ಲ. ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿರುವವರನ್ನೇ ಕರೀರಿ, ಅವರ ಗುರುತಿನ ಚೀಟಿ ಕೇಳಿ ನೋಡಿ. ಸಂಕೋಚ ಬೇಡ.

ನಮ್ಮ ಮನೆಗೆ ಎರಡನೇ ಸಲ ಬಂದವರು ಅಂಥವರೇ. ಅಮ್ಮನ ರೇಡಿಯೇಟರ್ ಬಿಚ್ಚಿ ಹಿತ್ತಲಲ್ಲಿ ಮೆದುಗೊಳವೆ ಹಿಡಿದಾಗ ಕಾಡಿಗೆಯಂಥ ನೀರು ಬಂತು. ಕ್ಲೀನರ್ ದ್ರಾವಣ ಹಾಕಿ, ಕೆಲವು ದಿನ ಓಡಿಸಿ, ನೀರೆಲ್ಲ ಬಸಿದು, ಹೊಸ ನೀರಿನ ಜೊತೆ ತುಕ್ಕು ತಡೆಯುವ ಇನ್‌ಹಿಬಿಟರ್ ಸೇರಿಸಿದರು. ಬಾಯ್ಲರಿಗೆ ವಾಪಸ್ ಬರುವ ಪೈಪಿಗೆ ಮ್ಯಾಗ್ನೆಟ್ ಇರುವ ಫಿಲ್ಟರ್ ಹಾಕಿದರು. ಬಾಯ್ಲರ್ ಹಳೇದೇ ಇದೆ. ಅಮ್ಮನ ಕೋಣೆ ಬೆಚ್ಚಗಾಯಿತು, ಜಾಕೆಟ್ ಮಗನಿಗೆ ವಾಪಸ್ ಬಂತು.

ಮಕ್ಕಳೇ, ನಿಮಗೊಂದು ಪ್ರಯೋಗ. ಎರಡು ಖಾಲಿ ಉಪ್ಪಿನಕಾಯಿ ಬಾಟಲಿ ಚೆನ್ನಾಗಿ ತೊಳೆಯಿರಿ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಗಾಳಿ ತೆಗೆಯುವಾಗ ಸಿಕ್ಕ ರೇಡಿಯೇಟರ್ ನೀರು. ಎರಡಕ್ಕೂ ಒಂದೊಂದು ಹೊಳೆಯುವ ಕಬ್ಬಿಣದ ಮೊಳೆ ಹಾಕಿ, ಒಂದು ವಾರ ಬಿಡಿ. ಸತು ಲೇಪಿಸಿದ ಮೊಳೆ ಬೇಡ. ನಲ್ಲಿ ನೀರಿನ ಮೊಳೆ ತುಕ್ಕು ಹಿಡಿಯುತ್ತೆ. ರೇಡಿಯೇಟರ್ ನೀರಿನದೂ ಹಿಡಿದರೆ, ನಿಮ್ಮನೆಯಲ್ಲಿ ಇನ್‌ಹಿಬಿಟರ್ ಸಾಲದು ಅಂತ ಅಪ್ಪನಿಗೋ ಅಮ್ಮನಿಗೋ ಹೇಳಿ. ಆಮೇಲೆ ಬಾಟಲಿಯ ಹೊರಗಡೆ ಮ್ಯಾಗ್ನೆಟ್ ಹಿಡಿದು ಮೆಲ್ಲಗೆ ಸರಿಸಿ. ಕಪ್ಪು ಪುಡಿ ಇದ್ದರೆ ಅದರ ಹಿಂದೆಯೇ ಬರುತ್ತೆ.

ಹೊಸ ಟರ್ಮಿನ ಮೊದಲ ಶನಿವಾರ ನಿಮ್ಮ ಬಾಟಲಿಗಳನ್ನ ಕನ್ನಡ ತರಗತಿಗೆ ತನ್ನಿ, ಯಾರದು ಹೆಚ್ಚು ಕಪ್ಪು ನೋಡೋಣ. ದೊಡ್ಡ ಮ್ಯಾಗ್ನೆಟ್ ನಾನು ತರ್ತೀನಿ. ಮುಚ್ಚಳ ಮಾತ್ರ ಗಟ್ಟಿಯಾಗಿ ಹಾಕಿಕೊಂಡು ಬನ್ನಿ, ಅಲ್ಲಿಯೂ ಕಾರ್ಪೆಟ್ ಇದೆ.